ಆ ನಿಲುವಂಗಿಯನ್ನು ಒಗೆದವರು ಯಾರು

ರಕ್ತದ ಕಲೆಗೆ ಬಿಸಿನೀರು ಹಾಕಬಾರದು. ಹಾಕಿದರೆ ಕಲೆ ನೂಲಿನೊಳಗೇ ಬೆಂದು ಕೂತುಬಿಡುತ್ತದೆ, ಆಮೇಲೆ ನೀವು ತಿಪ್ಪರಲಾಗ ಹಾಕಿದರೂ ಬಿಡುವುದಿಲ್ಲ. ಮೊದಲು ತಣ್ಣೀರು, ಆಮೇಲೆ ಉಪ್ಪು, ಕೊನೆಗೆ ಸೋಪು. ನೊರೆಯಕ್ಕನ ಲಾಂಡ್ರಿಗೆ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಈ ಪಾಠ ಆಗುತ್ತಿತ್ತು. ಎರಡನೆಯ ಪಾಠ ಇನ್ನೂ ಚಿಕ್ಕದು: ಯಾರ ಬಟ್ಟೆಯಲ್ಲಿ ಏನು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕು.

ಆಸ್ಪತ್ರೆಯ ಗೌನುಗಳು, ಹೋಟೆಲಿನ ಹಾಸುಗಳು, ಓಣಿಯ ಮುಕ್ಕಾಲು ಪಾಲು ಮನೆಗಳ ಗಂಟುಗಳು, ಎಲ್ಲವೂ ಅವಳ ತೊಟ್ಟಿಗಳಿಗೇ ಬರುತ್ತಿದ್ದವು. ಚರ್ಚಿನ ಮೇಜುವಸ್ತ್ರ, ಹಾಡುವವರ ನಿಲುವಂಗಿಗಳು, ಪಾದ್ರಿಗಳ ಬಿಳಿಯುಡುಪು ಕೂಡ ಅವಳ ಕೈಯಿಂದಲೇ ಬೆಳ್ಳಗಾಗಿ ಹೋಗಬೇಕಿತ್ತು. ಐವತ್ತೈದು ವರ್ಷ, ಮೊಣಕೈವರೆಗೆ ಸೋಡಾ ತಿಂದ ಕೈಗಳು, ಬಾಯ್ಲರಿನ ಸದ್ದನ್ನೂ ಮೀರಿಸುವ ಗಂಟಲು. ನಲವತ್ತು ದಾಟಿದ, ತಲೆಯೆಲ್ಲ ನರೆತ ತಮ್ಮನನ್ನು ಅವಳು ಈಗಲೂ ಪುಟ್ಟ ಎಂದೇ ಕರೆಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಚರ್ಚಿನ ಕಾರ್ಯದರ್ಶಿಗಳು ಎರಡು ಹೊಸ ನಿಲುವಂಗಿಗಳನ್ನು ಎದೆಗವಚಿಕೊಂಡು ಲಾಂಡ್ರಿಗೆ ಬಂದರು. ಒಳ್ಳೆಯ ಮನುಷ್ಯ, ಶಿಸ್ತಿನ ಮನುಷ್ಯ, ಇಸ್ತ್ರಿ ಮಾಡಿದ ಕರ್ಚೀಪನ್ನು ಮತ್ತೊಮ್ಮೆ ಇಸ್ತ್ರಿ ಮಾಡಿಸುವ ಜಾತಿಯವರು.

"ನೋಡಮ್ಮ, ಭಾನುವಾರ ಚರ್ಚಲ್ಲಿ ನಿನ್ನ ತಮ್ಮನ ಸಾಕ್ಷಿ ಇದೆಯಲ್ಲ, ಅದಕ್ಕೆ ಇವು. ಒಂದು ಹೀಗೇ ಬೆಳ್ಳಗಿರಲಿ. ಇನ್ನೊಂದಕ್ಕೆ ಚೆನ್ನಾಗಿ ಕೆಂಪು ಬಳಿದುಬಿಡು."

"ಕೆಂಪಾ?"

"ಕೊನೇ ಬೆಂಚಿನವರಿಗೂ ಕಾಣೋ ಹಾಗೆ. ಕೆಂಪಂಗಿ ಹಾಕ್ಕೊಂಡು ವೇದಿಕೆಗೆ ಬರ್ತಾನೆ, ಪಾಪ ಒಪ್ಕೋತಾನೆ, ಪಾದ್ರಿಗಳು ಅದನ್ನ ಬಿಚ್ಚಿ ಬಿಳಿಯದು ಹಾಕ್ತಾರೆ. ಕಡುಗೆಂಪು ಪಾಪ ಹಿಮದಷ್ಟು ಬೆಳ್ಳಗಾಗುತ್ತೆ ಅಂತ ಪ್ರವಾದಿ ಹೇಳಿಲ್ವಾ? ಜನ ಅದನ್ನ ಕಣ್ಣಾರೆ ನೋಡಲಿ."

"ಮೂವತ್ತೈದು ವರ್ಷದಿಂದ ಕಲೆ ತೆಗೆದುಕೊಂಡು ಬಂದಿದೀನಿ. ಹಚ್ಚೋ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಕಾರ್ಯದರ್ಶಿಗಳು ಇದನ್ನು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, "ಚರ್ಚಿನ ಹಿರಿಯರ ತೀರ್ಮಾನ ನಿನಗೆ ಗೊತ್ತೇ ಇದೆ. ಸಾಕ್ಷಿ ಹೇಳದೆ ಅವನಿಗೆ ಪ್ರಭುಭೋಜನ ಇಲ್ಲ. ನಿಯಮ ಅಂದ್ರೆ ನಿಯಮ, ತೊಳೆದುಕೊಂಡು ಬಂದವರೇ ಊಟಕ್ಕೆ ಕೂರಬೇಕು," ಎಂದರು. ಹೋಗುವಾಗ ಬಾಗಿಲ ಗಾಜಿಗೆ ಒಂದು ಭಿತ್ತಿಪತ್ರವನ್ನೂ ಅಂಟಿಸಿದರು. ಅದರಲ್ಲಿ ದಪ್ಪ ಅಕ್ಷರಗಳಲ್ಲಿ 'ಕೆಂಪಿನಿಂದ ಬಿಳುಪಿಗೆ' ಎಂದು ಅಚ್ಚಾಗಿತ್ತು.

ಪುಟ್ಟ ಜೈಲಿನಿಂದ ಬಂದು ಏಳು ತಿಂಗಳಾಗಿತ್ತು. ಏಳು ತಿಂಗಳಿಂದಲೂ ಅವನು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದ ಹೊತ್ತು ಬಂದಾಗ ಎದ್ದು ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಪಕ್ಕ ನಿಲ್ಲುತ್ತಿದ್ದ. ಅಕ್ಕನೂ ಏಳು ತಿಂಗಳಿಂದ ರೊಟ್ಟಿ ಮುಟ್ಟಿರಲಿಲ್ಲ. ತಮ್ಮ ಹೊರಗೆ ನಿಂತಿರುವಾಗ ಅದು ಅವಳ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅದೊಂದೇ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಒಂದು ತುಂಡು ರೊಟ್ಟಿ.

ಅವನು ಮಾಡಿದ್ದು ಸಣ್ಣದೇನಲ್ಲ, ಅಕ್ಕ ಅದನ್ನು ಎಂದೂ ಸಣ್ಣದು ಮಾಡಿ ಹೇಳಿದವಳೂ ಅಲ್ಲ. ಏಳು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಕುಡಿದು ಸರಕಿನ ವ್ಯಾನು ಓಡಿಸುತ್ತಿದ್ದವನು ಸೈಕಲ್ಲಿನಲ್ಲಿ ಹೋಗುತ್ತಿದ್ದ ಗಾರೆ ಕೆಲಸದವನೊಬ್ಬನಿಗೆ ಗುದ್ದಿದ. ಇಳಿದು ಅವನನ್ನು ಮಡಿಲಿಗೆ ಎಳೆದುಕೊಂಡ. ಆ ಮನುಷ್ಯ ಮಡಿಲಲ್ಲೇ ಪ್ರಾಣಬಿಟ್ಟ. ಜನ ಓಡಿಬರುವುದು ಕಂಡದ್ದೇ ಪುಟ್ಟ ಪೇರಿಕಿತ್ತ. ಕಿತ್ತವನು ಬಂದದ್ದು ಲಾಂಡ್ರಿಯ ಹಿಂಬಾಗಿಲಿಗೆ.

"ಅಕ್ಕಾ, ಬೇಗ," ಎಂದು ಅಂಗಿ ಬಿಚ್ಚಿ ಅವಳ ಕೈಗಿಟ್ಟ. "ಇದನ್ನ ತೊಳೆದುಬಿಡು. ನಿನಗೆ ಆಗುತ್ತೆ. ನಿನ್ನೊಬ್ಬಳಿಗೇ ಆಗೋದು."

ಆಗುತ್ತಿತ್ತು. ತೊಟ್ಟಿಯಲ್ಲಿ ತಣ್ಣೀರು ತುಂಬಿತ್ತು, ಉಪ್ಪಿನ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು. ಹತ್ತು ನಿಮಿಷದ ಕೆಲಸ. ಬೆಳೆದು ನಿಂತ ತಮ್ಮ ಎದುರಿಗೆ ಬರಿಮೈಯಲ್ಲಿ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಅಂಗಿಯನ್ನು ಹಾಗೇ ಮಡಿಸಿ ಹಳೆಯ ಪೇಪರಿನಲ್ಲಿ ಸುತ್ತಿದಳು, ಅಂಗಡಿಗೆ ಬೀಗ ಹಾಕಿದಳು, ಚಿಕ್ಕಂದಿನಲ್ಲಿ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ ಹಾಗೆ ಅವನ ರಟ್ಟೆ ಹಿಡಿದು ಪೊಲೀಸ್ ಠಾಣೆಗೆ ನಡೆದಳು. ಅಂಗಿಯನ್ನು ಅಲ್ಲಿನ ಮೇಜಿನ ಮೇಲೆ ತಾನೇ ಬಿಚ್ಚಿಟ್ಟಳು. ಜೈಲಿನಲ್ಲಿ ಅವನು ಒಂದು ವರ್ಷ ಅವಳ ಮುಖ ನೋಡಲು ಒಪ್ಪಲಿಲ್ಲ. ಎರಡನೆಯ ವರ್ಷ ಒಂದು ಕಾಗದ ಬಂತು, 'ತೊಳೆಯದೇ ಇದ್ದದ್ದಕ್ಕೆ ನಿನಗೆ ಋಣಿ' ಎಂದು.

ಕುರಿಮರಿಯ, ಎಂದರೆ ಎಲ್ಲರಿಗಾಗಿ ಸತ್ತ ಪ್ರಭುವಿನ, ರಕ್ತದಲ್ಲಿ ನಿಲುವಂಗಿ ಒಗೆದು ಬೆಳ್ಳಗೆ ಮಾಡಿಕೊಂಡವರ ಬಗ್ಗೆ ಚರ್ಚಿನಲ್ಲಿ ಓದುವಾಗಲೆಲ್ಲ ನೊರೆಯಕ್ಕನಿಗೆ ಮೊದಲೆಲ್ಲ ನಗು ಬರುತ್ತಿತ್ತು. ಇದನ್ನು ಬರೆದವನಿಗೆ ಒಗೆತದ ಗಂಧಗಾಳಿ ಇಲ್ಲ ಎಂದುಕೊಳ್ಳುತ್ತಿದ್ದಳು. ಠಾಣೆಯ ಮೇಜಿನ ಮೇಲೆ ಆ ಅಂಗಿ ಇಟ್ಟ ಮೇಲೆ ನಗು ನಿಂತಿತು. ಬರೆದವನಿಗೆ ಎಲ್ಲ ಗೊತ್ತಿತ್ತು. ಸೋಪಿನಿಂದ ಬರುವ ಬಿಳುಪಿನ ಮಾತನ್ನೇ ಅವನು ಆಡಿರಲಿಲ್ಲ. ಒಬ್ಬರ ಕಲೆಯನ್ನು ಇನ್ನೊಬ್ಬರು ಮೈಮೇಲೆ ಹಾಕಿಕೊಂಡಾಗ ಮಾತ್ರ ಬರುವ ಬಿಳುಪು ಅದು.

ಅಂದು ಕಾರ್ಯದರ್ಶಿಗಳು ಹೋದ ಮೇಲೆ, ಬಿಡುಗಡೆಯಾದಂದಿನಿಂದ ಲಾಂಡ್ರಿಯಲ್ಲೇ ದುಡಿಯುತ್ತಿದ್ದ ಪುಟ್ಟ, ಬಾಯ್ಲರಿಗೆ ಸೌದೆ ಹಾಕಿ ಹೊರಗೆ ಬಂದು ಗಾಜಿನ ಮೇಲಿನ ಭಿತ್ತಿಪತ್ರವನ್ನೂ ಮೇಜಿನ ಮೇಲಿನ ನಿಲುವಂಗಿಗಳನ್ನೂ ನೋಡಿದ. ಅಕ್ಕ ಎಲ್ಲ ಹೇಳಿದಳು. ಅವನು ಭಿತ್ತಿಪತ್ರದ ಹತ್ತಿರ ಹೋಗಿ ನಿಂತ.

"ಇದನ್ನ ಎಲ್ಲೆಲ್ಲಿ ಅಂಟಿಸಿದಾರೆ?"

"ಊರು ತುಂಬ."

"ಆಯಮ್ಮನ ಬೀದೀಲೂ?"

ಆಯಮ್ಮ ಎಂದರೆ ಗಾರೆಯವನ ಹೆಂಡತಿ. ಬಿಡುಗಡೆಯಾದ ಮೂರನೆಯ ದಿನವೇ ಅವನು ಅವಳ ಮನೆಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತಿದ್ದ. ನಿನ್ನ ಮುಖ ನೋಡುವ ಶಕ್ತಿ ನನಗಿಲ್ಲ, ಹೋಗು, ಎಂದಿದ್ದಳು. ಹೋಗಿದ್ದ.

"ಅಲ್ಲೂ ಇದೆ," ಎಂದಳು ಅಕ್ಕ.

"ಅಕ್ಕ, ಅದು ನನ್ನ ಪಾಪದ ಬಣ್ಣ ಅಲ್ಲ. ಒಬ್ಬ ಮನುಷ್ಯನ ರಕ್ತ. ಅದು ಬಿಸಿ ಇತ್ತು, ನನ್ನ ತೊಡೆ ಮೇಲೆ ಹರೀತು. ಅದನ್ನ ಡಬ್ಬಿ ಬಣ್ಣದಲ್ಲಿ ಮಾಡಿ ಮೈಗೆ ಹಾಕ್ಕೊಂಡು ಕುಣಿಯೋಕೆ ನನ್ನಿಂದ ಆಗಲ್ಲ. ರೊಟ್ಟಿ ಸಿಗದೇ ಇದ್ರೆ ಬೇಡ ಬಿಡು. ಸೈಕಲ್ ಸ್ಟ್ಯಾಂಡ್ ಪಕ್ಕ ನೆರಳು ಚೆನ್ನಾಗಿದೆ."

ಕೊನೆಯ ಮಾತಿಗೆ ತಾನೇ ನಗಲು ನೋಡಿದ. ಅದು ನಗುವಾಗಲಿಲ್ಲ. ನೊರೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಭಿತ್ತಿಪತ್ರವನ್ನು ಪರಪರನೆ ಹರಿದು ಬಾಯ್ಲರಿಗೆ ಹಾಕಿದಳು.

"ಭಾನುವಾರ ಆಸ್ಪತ್ರೆ ಗೌನಿನ ಕೆಲಸ ಮುಗಿಸಿ ಸೀದಾ ಚರ್ಚಿಗೆ ಬಾ. ಸ್ನಾನ ಮಾಡಬೇಡ. ಬಟ್ಟೆ ಬದಲಾಯಿಸಬೇಡ."

"ಏನು ಮಾಡ್ತೀಯ?"

"ಒಂಬತ್ತು ವರ್ಷದವಳಿದ್ದಾಗ ಒಂದು ಪ್ರಶ್ನೆ ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ."

ಆ ಪ್ರಶ್ನೆಯ ಕಥೆ ಇಷ್ಟೇ. ಚರ್ಚಿನ ಭಾನುವಾರದ ಪಾಠದಲ್ಲಿ ಟೀಚರು ಮನೆಬಿಟ್ಟು ಹೋದ ಮಗನ ಕಥೆ ಹೇಳಿದ್ದರು. ಆಸ್ತಿಯನ್ನೆಲ್ಲ ಹಾಳುಮಾಡಿ, ಹಂದಿ ಮೇಯಿಸಿ, ಕೊನೆಗೆ ಹಸಿವು ತಾಳಲಾರದೆ ವಾಪಸು ಬಂದವನನ್ನು ಅಪ್ಪ ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಂಡ, ಶ್ರೇಷ್ಠವಾದ ನಿಲುವಂಗಿ ತರಿಸಿ ತೊಡಿಸಿದ. ಎಲ್ಲ ಮಕ್ಕಳೂ ಕಣ್ಣರಳಿಸಿ ಕೇಳುತ್ತಿದ್ದಾಗ, ಬಟ್ಟೆ ಒಗೆಯುವವಳ ಮಗಳು ಕೈ ಎತ್ತಿದ್ದಳು: "ಟೀಚರ್, ಹಂದಿ ಹಟ್ಟಿಯಿಂದ ಬಂದವನಿಗೆ ಸ್ನಾನ ಮಾಡಿಸದೇ ಒಳ್ಳೇ ಬಟ್ಟೆ ಹಾಕಿಬಿಟ್ರಾ? ಆಮೇಲೆ ಅದನ್ನ ಒಗೆದವರು ಯಾರು?" ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರು ಅವಳನ್ನು ಅಧಿಕಪ್ರಸಂಗಿ ಎಂದು ಬೈದು ಬೆಂಚಿನ ಮೇಲೆ ನಿಲ್ಲಿಸಿದರು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ವೇದಿಕೆಯ ಹಿಂದೆ ಅರ್ಧ ಕೆಂಪು ಅರ್ಧ ಬಿಳಿ ಪರದೆ ಕಟ್ಟಿದ್ದರು. ಹೊಸದಾಗಿ ಬಂದಿದ್ದ ಎಳೆಯ ಪಾದ್ರಿಗಳು, ಮೆತ್ತಗಿನ ಮನುಷ್ಯ, ರೊಟ್ಟಿ, ಬಟ್ಟಲು ಇಟ್ಟ ಮೇಜಿನ ಬಳಿ ನಿಂತು ಬೆರಳು ಹಿಸುಕಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಮೈಕಿನಲ್ಲಿ ನಮ್ಮ ನಡುವಿನ ಒಬ್ಬ ಮಹಾಪಾಪಿಯ ಬಗ್ಗೆ ಹೇಳಿ ಮುಗಿಸುವಷ್ಟರಲ್ಲಿ ನೊರೆಯಕ್ಕ ಗಂಟು ಹೊತ್ತು ನಡುದಾರಿಯಲ್ಲಿ ಬಂದಳು. ಹಿಂದೆ ಪುಟ್ಟ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆ, ಮುಖಕ್ಕೆ ಮಸಿ, ಬೆನ್ನಿಗೆ ಬೆವರು. ಅವನು ಹಾದುಹೋದ ಬೆಂಚುಗಳಲ್ಲಿ ಮೂಗುಗಳು ಒಂದೊಂದಾಗಿ ಆಚೆ ತಿರುಗಿದವು.

ಅವಳು ಗಂಟು ಬಿಚ್ಚಿದಳು. ಎರಡು ನಿಲುವಂಗಿ, ಎರಡೂ ಮಲ್ಲಿಗೆ ಬಿಳುಪು.

"ಕಲೆ ಎಲ್ಲಿ, ಅಮ್ಮ?" ಎಂದು ಕಾರ್ಯದರ್ಶಿಗಳು ಪಿಸುಗುಟ್ಟಿದರು. ಮೈಕು ಬಂದ್ ಮಾಡುವುದು ಮರೆತಿತ್ತು. ಇಡೀ ಚರ್ಚಿಗೆ ಕೇಳಿಸಿತು.

"ಕಲೆ ಪೊಲೀಸರಿಗೆ ಕೊಟ್ಟೆ, ಸ್ವಾಮಿ. ಏಳು ವರ್ಷ ಆಯ್ತು," ಎಂದಳು ನೊರೆಯಕ್ಕ. ಅವಳಿಗೆ ಮೈಕು ಬೇಕಿರಲಿಲ್ಲ. "ತೊಳೆದು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಇವನು ಆರು ವರ್ಷ ಕಂಬಿ ಎಣಿಸಿ ಬಂದ. ಈಗ ನೀವು ಬಣ್ಣ ಬಳಿದು, ಬಿಚ್ಚಿ, ಚಪ್ಪಾಳೆ ತಟ್ಟಿಸಬೇಕು ಅಂತೀರ. ಸತ್ತವನ ಹೆಂಡತೀನ ಒಂದು ಮಾತು ಕೇಳಿದ್ರಾ? ಮನೆಬಿಟ್ಟು ಹೋದ ಮಗ ವಾಪಸ್ ಬಂದಾಗ ಅವರಪ್ಪ ಏನು ಮಾಡಿದ? ಹೋಗಿ ಸ್ನಾನ ಮಾಡ್ಕೊಂಡು ಬಾ ಅಂದನಾ? ವೇದಿಕೆ ಹತ್ತು ಅಂದನಾ? ಮಗ ಬಾಯಿಪಾಠ ಮಾಡ್ಕೊಂಡು ಬಂದಿದ್ದ ಕ್ಷಮೆಯ ಮಾತನ್ನೂ ಪೂರ್ತಿ ಹೇಳೋಕೆ ಬಿಡಲಿಲ್ಲ. ಹಂದಿ ಕೆಸರಿನ ಮೇಲೇ ಹೊದಿಸಿದ, ಹೀಗೆ."

ಮಸಿ, ಬೆವರು, ಒದ್ದೆ ಪ್ಯಾಂಟು ಎಲ್ಲದರ ಮೇಲೆಯೇ ತಮ್ಮನಿಗೆ ಬಿಳಿ ನಿಲುವಂಗಿ ತೊಡಿಸಿದಳು. ಕೊರಳಪಟ್ಟಿ ಸರಿಮಾಡಿದಳು. ಅವನ ಭುಜ ಹಿಡಿದು ಮೇಜಿನ ಮುಂದೆ ನಿಲ್ಲಿಸಿ, "ಅಯ್ಯನವರೇ, ಊಟ ಬಡಿಸಿ," ಎಂದಳು.

"ನಿಯಮ ಇದೆ!" ಎಂದರು ಕಾರ್ಯದರ್ಶಿಗಳು. "ಎಲ್ಲರ ಮುಂದೆ ಕಲೆ ತೋರಿಸದೆ..."

"ತೋರಿಸಬೇಕಾ? ಆಗಲಿ. ಈ ಚರ್ಚಿನಲ್ಲಿ ಕೂತಿರೋ ಒಬ್ಬೊಬ್ಬರ ಗಂಟೂ ನನ್ನ ಹತ್ರಾನೇ ಬರೋದು. ಯಾರ ಕಾಲರಲ್ಲಿ ಏನಿರುತ್ತೆ, ಯಾರ ಜೇಬಲ್ಲಿ ಏನು ಮರೆತಿರ್ತಾರೆ, ಎಲ್ಲ ನೋಡಿದೀನಿ. ಒಂದು ದಿನ ಬಾಯಿ ಬಿಟ್ಟಿಲ್ಲ. ಮುಂದಿನ ಭಾನುವಾರ ಎಲ್ಲಾನೂ ಒಗೆಯದೇ ತಂದು ಈ ಪರದೆಗೆ ಸಾಲಾಗಿ ನೇತುಹಾಕ್ತೀನಿ. ನಿಯಮ ಅಂದ್ರೆ ನಿಯಮ. ನಿಮ್ಮಿಂದಲೇ ಶುರುಮಾಡೋಣ್ವಾ?"

ಚರ್ಚಿನಲ್ಲಿ ಇದ್ದಕ್ಕಿದ್ದಂತೆ ಬಹಳ ಜನಕ್ಕೆ ಕೆಮ್ಮು ಬಂತು. ಕಾರ್ಯದರ್ಶಿಗಳ ಕೈ ತಾನಾಗಿ ಕಾಲರಿಗೆ ಹೋಯಿತು. ಹೇಳಿದಂತೆ ಅವಳು ನಿಜಕ್ಕೂ ಮಾಡುತ್ತಿರಲಿಲ್ಲ. ಆದರೆ ಅದು ಅವಳಿಗೆ ಮಾತ್ರ ಗೊತ್ತಿತ್ತು.

ಹಾಡುವವರಲ್ಲೆಲ್ಲ ಹಿರಿಯಳಾದ ಅಜ್ಜಿಯೊಬ್ಬಳು ಕೋಲೂರಿಕೊಂಡು ಎದ್ದು, ನಿಧಾನವಾಗಿ ನಡೆದು ಬಂದು ಪುಟ್ಟನ ಹಿಂದೆ ನಿಂತಳು. "ನನ್ನ ಸರದಿ ಇವನ ಆದಮೇಲೆ. ನನ್ನ ಮಂಡಿ ಬಹಳ ಹೊತ್ತು ತಡೆಯಲ್ಲ, ಬೇಗ," ಎಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಮಿಕ್ಕವರು ಕೂತೇ ಇದ್ದರು, ಕೆಲವರು ಎದ್ದು ಹೊರಗೂ ಹೋದರು.

ಪಾದ್ರಿಗಳು ಪುಟ್ಟನ ಮುಖ ನೋಡಿದರು. "ಏನಾದ್ರೂ ಹೇಳೋದಿದೆಯಾ?"

"ಹೇಳಬೇಕಾದ್ದನ್ನ ಕೋರ್ಟಲ್ಲಿ ಹೇಳಿದೀನಿ. ಆ ಮನೆ ಬಾಗಿಲಲ್ಲೂ ಹೇಳಿದೀನಿ. ಆಯಮ್ಮ ಕ್ಷಮಿಸಿಲ್ಲ. ಕ್ಷಮಿಸು ಅಂತ ಒತ್ತಾಯ ಮಾಡೋ ಹಕ್ಕು ನನಗಿಲ್ಲ." ಪುಟ್ಟ ಮೇಜಿನ ಮೇಲಿನ ರೊಟ್ಟಿ ನೋಡಿದ. "ಹಸಿವಾಗಿದೆ, ಅಯ್ಯನವರೇ. ಅಷ್ಟೇ."

ಪಾದ್ರಿಗಳು ಕಾರ್ಯದರ್ಶಿಗಳ ಕಡೆ ನೋಡಲಿಲ್ಲ. ರೊಟ್ಟಿ ಮುರಿದು ಅವನ ಮಸಿ ಅಂಗೈಯಲ್ಲಿಟ್ಟರು. ಬಟ್ಟಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ದ್ರಾಕ್ಷಾರಸ ತುಳುಕಿ ನಿಲುವಂಗಿಯ ಎದೆಯ ಮೇಲೆ ಅಂಗೈಯಗಲ ಕೆಂಪಾಯಿತು. ಕಾರ್ಯದರ್ಶಿಗಳು ಅಯ್ಯಯ್ಯೋ ಎಂದು ಇಸ್ತ್ರಿ ಕರ್ಚೀಪು ಹಿಡಿದು ಮುಂದೆ ಬಂದರು.

"ಉಜ್ಜಬೇಡಿ, ಹರಡುತ್ತೆ," ಎಂದಳು ನೊರೆಯಕ್ಕ. "ನಾಳೆ ನಾನು ನೋಡ್ಕೋತೀನಿ." ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಅಜ್ಜಿಯ ಹಿಂದಿನ ಸಾಲಿಗೆ ಸೇರಿ ತಾನೂ ಕೈಯೊಡ್ಡಿದಳು.

ಸೋಮವಾರ ಲಾಂಡ್ರಿಗೆ ಬರಬೇಕಿದ್ದ ಗಂಟುಗಳಲ್ಲಿ ಒಂಬತ್ತು ಬರಲಿಲ್ಲ. ಕಾರ್ಯದರ್ಶಿಗಳದ್ದು ಅವುಗಳಲ್ಲಿ ಮೊದಲನೆಯದು. ಪುಟ್ಟ, ನಿನ್ನೆಯ ನಿಲುವಂಗಿಯನ್ನು ತಣ್ಣೀರಿನಲ್ಲಿ ಅದ್ದಿ, ಕೆಂಪಿನ ಮೇಲೆ ಉಪ್ಪು ಹಾಕಿ, ಉಜ್ಜುತ್ತಾ ಕೂತ.

"ಅಕ್ಕ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ತಾ? ಆ ಕಥೇಲಿ ಅಂಗಿ ಒಗೆದವರು ಯಾರು?"

"ಇನ್ಯಾರು, ಮನೆಯವರೇ ಒಗೆದಿರ್ತಾರೆ. ಅಪ್ಪ ಇದ್ದ, ಅಣ್ಣ ಇದ್ದ ಅಂತ ಬರೆದಿದಾರೆ. ಒಬ್ಬಳು ಅಕ್ಕನೂ ಇದ್ದಿರಬೇಕು, ಬರೆಯೋಕೆ ಮರೆತಿದಾರೆ." ಅವಳು ತೋಳು ಮಡಿಸಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅತ್ತ ಸರಿ. ನೀನು ಉಜ್ಜೋ ಹಾಗೆ ಉಜ್ಜಿದ್ರೆ ಬಟ್ಟೆ ಹರಿದುಹೋಗುತ್ತೆ."