ದಾಟುದಾರಿಯ ಅತ್ತಿಗೆ

ನಮ್ಮ ಅತ್ತಿಗೆ ರಸ್ತೆ ದಾಟುವುದನ್ನು ಮೊದಲ ಸಲ ನೋಡಿದವರು, ಪಾಪ, ಕಣ್ಣು ಮಂಜೋ ಮಂಡಿನೋವೋ ಎಂದು ಮರುಗಿ ಕೈಹಿಡಿಯಲು ಬರುತ್ತಾರೆ. ಒಮ್ಮೆ ಮುದುಕಿಯಂತೆ ಪಾದವೆಳೆಯುತ್ತ, ಒಮ್ಮೆ ಇಲ್ಲದ ಕೂಸನ್ನು ಸೊಂಟಕ್ಕೇರಿಸಿಕೊಂಡವರಂತೆ ವಾಲುತ್ತ, ಮತ್ತೊಮ್ಮೆ ಏನನ್ನೋ ಮರೆತವರಂತೆ ನಡುವೆ ಗಕ್ಕನೆ ನಿಂತು ಹಿಂತಿರುಗುತ್ತ ದಾಟುವ ಈ ಗಟ್ಟಿಮುಟ್ಟಾದ, ಐವತ್ತರ ಆಚೀಚಿನ ಹೆಂಗಸು ನಗರದ ರಸ್ತೆ ಇಲಾಖೆಯ ಎಂಜಿನಿಯರು. ನಡೆಯುವವರಿಗೂ ಸೈಕಲ್ಲಿನವರಿಗೂ ದಾಟುದಾರಿಗಳನ್ನು ರೂಪಿಸುವುದೇ ಅವರ ಕಾಯಕ. ಯಾರ ಕಾಲಿಗಾಗಿ ಗೆರೆ ಎಳೆಯುತ್ತಾರೋ ಅವರ ಕಾಲನ್ನು ಎರವಲು ಪಡೆದು ನಡೆದು ನೋಡದ ಹೊರತು ಯಾವ ನಕ್ಷೆಗೂ ರುಜು ಹಾಕಿದವರಲ್ಲ.

ಬೇಸಿಗೆಯಲ್ಲೂ ಮೈಬಿಡದ ಹಳದಿ ಕೋಟು; ಅದರ ಜೇಬುಗಳಲ್ಲಿ ಸೀಮೆಸುಣ್ಣ. ವಾದಕ್ಕೆ ಬಂದವರಿಗೆಲ್ಲ ಒಂದೇ ಉತ್ತರ: "ನಡೀರಿ, ನೋಡೋಣ." ಬೇರೆ ಅಧಿಕಾರಿಗಳ ಬಾಯಲ್ಲಿ ಅದು ನುಣುಚಿಕೊಳ್ಳುವ ಮಾತು, ಅತ್ತಿಗೆಯ ಬಾಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳಿರೆಂಬ ಆಜ್ಞೆ.

ನಮ್ಮಣ್ಣನಾದರೋ ಮನೆಯಲ್ಲಿ ಸಾಧು, ಸ್ಟೀರಿಂಗು ಹಿಡಿದರೆ ಸಾಕ್ಷಾತ್ ಹಾರ್ನು. ಮನೆಯ ಹತ್ತಿರದ ಆಸ್ಪತ್ರೆಯೆದುರು ಎತ್ತರಿಸಿದ ದಾಟುದಾರಿಯನ್ನೂ ನಡುವೆ ನಿಲ್ಲಲೊಂದು ಜಗಲಿಯನ್ನೂ ಅತ್ತಿಗೆ ಯೋಜಿಸಿದಾಗ, ಬಡಾವಣೆಯ ಸಭೆಯಲ್ಲಿ ವಿರೋಧಿಸಲು ಮೊದಲು ಎದ್ದವನು ಅವನೇ.

"ಹೆಜ್ಜೆಗೊಂದು ದಿಬ್ಬ ಎಬ್ಬಿಸಿದ್ರೆ ಗಾಡಿ ಇರೋರು ಎಲ್ಲಿಗೆ ಹೋಗ್ಬೇಕು? ಜನ ನೋಡ್ಕೊಂಡು ದಾಟ್ಲಿ!"

ಬೆಳಿಗ್ಗೆಯಷ್ಟೇ ತಮ್ಮ ಕೋಟಿಗೆ ಗುಂಡಿ ಹೊಲಿದುಕೊಟ್ಟಿದ್ದ ಗಂಡನನ್ನು ಅತ್ತಿಗೆ ವೇದಿಕೆಯಿಂದ ಅಪರಿಚಿತನೆಂಬಂತೆ ನೋಡಿದರು. "ತಮ್ಮ ಆಕ್ಷೇಪಣೆ ಕೇಳಿಸ್ತು ಸ್ವಾಮಿ. ಮೊದ್ಲು ಬಣ್ಣ ಬಳಿದು, ಜಗಲಿ ಬದಲು ಖಾಲಿ ಡ್ರಮ್ಮಿಟ್ಟು ನೋಡೋಣ. ಸರಿಹೋಗ್ಲಿಲ್ವಾ, ನಾನೇ ತೆಗೆಸ್ತೀನಿ."

ಸಭೆ ಗೊಳ್ಳೆಂದು ನಕ್ಕಿತು. ಮನೆಯಲ್ಲಿ ಮಾತ್ರ ಕೆಲವು ದಿನ ಊಟದ ಮೇಜಿನ ಉಪ್ಪು ಕೂಡ ನನ್ನ ಮಧ್ಯಸ್ಥಿಕೆಯಲ್ಲೇ ಆಚೆಯಿಂದ ಈಚೆಗೆ ಬರಬೇಕಾಯಿತು.

ಡ್ರಮ್ಮುಗಳು ಬಂದವು. ನಡೆಯುವವರು ನಿರುಮ್ಮಳವಾಗಿ ದಾಟಿದರು; ಸೈಕಲ್ಲಿನವರು ತಡವರಿಸಿದರು. ಸೈಕಲ್ಲಲ್ಲಿ ಕೆಲಸಕ್ಕೆ ಹೊರಟಿದ್ದ ಆಸ್ಪತ್ರೆಯ ದಾದಿಯೊಬ್ಬಳು ಜಗಲಿಯ ತಿರುವಿನಲ್ಲಿ ಡ್ರಮ್ಮಿಗೆ ಗುದ್ದಿ ಬಿದ್ದು ಮೊಣಕೈ ತರಚಿಕೊಂಡಳು. ಅಣ್ಣ ಗೆದ್ದವನಂತೆ ಬೀಗಿಕೊಂಡು ಮನೆಗೆ ಬಂದ. ಆದರೆ ಆ ಸಂಜೆ ಅತ್ತಿಗೆ ಕೋಟನ್ನೂ ಕಳಚದೆ ಮೆಟ್ಟಿಲ ಮೇಲೆ ಕುಳಿತಿದ್ದರು. "ನಂಗೆ ಸೈಕಲ್ಲೇ ಬರಲ್ಲ ಕಣ್ರೀ. ಅವರ ತಿರುವು ನಂಗೆ ಹೇಗೆ ಗೊತ್ತಾಗ್ಬೇಕು?"

ಅಣ್ಣನ ಜಂಬ ಅಲ್ಲಿಗೆ ಇಳಿಯಿತು. ಮರುದಿನವೇ ಪಕ್ಕದ ಮನೆಯ ಸೈಕಲ್ಲು ಕೇಳಿ ತಂದ. ಆಸ್ಪತ್ರೆಯ ಹಿಂದಿನ ಬಯಲಲ್ಲಿ ಸೀಟು ಹಿಡಿದು ಏದುಸಿರು ಬಿಡುತ್ತ ಓಡುವ ಅಣ್ಣ, ಹ್ಯಾಂಡಲ್ಲಿಗೆ ಜೋತುಬಿದ್ದ ಅತ್ತಿಗೆ.

"ಬಿಡ್ಬೇಡಿ ಅಂದ್ರೆ ಬಿಡ್ಬೇಡಿ!"

"ಬಿಟ್ಟು ಆಗ್ಲೇ ಎಷ್ಟೊತ್ತಾಯ್ತು ಕಣೇ!" ಎಂದು ದೂರದಿಂದ ಅಣ್ಣನ ಕೂಗು.

ತಕ್ಕಮಟ್ಟಿಗೆ ಕಲಿತ ಮೇಲೆ, ಒಂದು ಭಾನುವಾರ ಅತ್ತಿಗೆ ತಮ್ಮದೇ ತಿರುವಿಗೆ ಸೈಕಲ್ಲು ನುಗ್ಗಿಸಿ, ದಾದಿ ಬಿದ್ದಲ್ಲೇ ಬಿದ್ದರು. ನೋವಿಗಿಂತ ಹೆಚ್ಚು ಹಿಗ್ಗಿನಲ್ಲಿ ಎದ್ದು, ಸೀಮೆಸುಣ್ಣ ತೆಗೆದು, ಅದೇ ಜಾಗದಿಂದ ಉದಾರವಾದ ಒಂದು ಬಾಗು ಎಳೆದರು. ಡ್ರಮ್ಮುಗಳನ್ನು ಆ ಗೆರೆಗೆ ನೂಕಿ ಕೂರಿಸಿದವನು ಅಣ್ಣ. ಮತ್ತೆ ಯಾರೂ ಬೀಳಲಿಲ್ಲ; ಕೆಲವೇ ತಿಂಗಳಲ್ಲಿ ಅದು ಕಾಂಕ್ರೀಟಾಯಿತು.

ಅಲ್ಲಿ ಅಣ್ಣ ಇಂದಿಗೂ ಗೊಣಗುತ್ತಲೇ ಕಾರನ್ನು ನಿಧಾನಿಸುತ್ತಾನೆ. "ನನ್ನ ಸ್ಪ್ರಿಂಗು ಹಾಳಾಗುತ್ತೆ ಅಂತ, ಇವಳ ದಾಕ್ಷಿಣ್ಯಕ್ಕಲ್ಲ."

"ಯಾಕಾದ್ರೂ ಆಗ್ಲಿ," ಎನ್ನುತ್ತಾರೆ ಪಕ್ಕದ ಸೀಟಿನ ಅತ್ತಿಗೆ, ಕಿಟಕಿಯಾಚೆ ದಾಟುವವರನ್ನೇ ನೋಡುತ್ತ.

ಲೋಕವನ್ನು ತಿದ್ದಹೊರಟವರಲ್ಲಿ ಬಹುಮಂದಿ ಮೊದಲು ಮನುಷ್ಯನ ಸ್ವಭಾವಕ್ಕೇ ಕೈಹಾಕಿ ಸೋತು, ಕಡೆಗೆ ಕಹಿಯಾಗುತ್ತಾರೆ. ಅತ್ತಿಗೆಯಂಥವರಿಗೆ ಅಷ್ಟು ಪುರಸೊತ್ತಿಲ್ಲ. ಅವಸರ, ಸಿಡುಕು, ಮರೆವುಗಳ ಸಮೇತ ನಾವು ಹೇಗಿದ್ದೇವೋ ಹಾಗೆಯೇ ಇದ್ದುಕೊಂಡು, ಒಬ್ಬರನ್ನೊಬ್ಬರು ನೋಯಿಸದೆ ಹಾದುಹೋಗಲು ಬೇಕಾಗುವಷ್ಟು ಜಾಗವನ್ನು ನೆಲದ ಮೇಲೆ ಬಿಡಿಸಿಕೊಟ್ಟು, ಅವರು ಮುಂದಿನ ರಸ್ತೆಗೆ ನಡೆದುಬಿಡುತ್ತಾರೆ.