ಮೋಡದೊಳಗೆ ಕುರುಡು

ವರ್ಜೀನಿಯಾದ ಕಡಲಂಚಿನ ನೆಲೆಯಿಂದ ಆ ಮಧ್ಯಾಹ್ನ ಎರಡು ವಿಮಾನಗಳು ಒಂದೇ ಹಿಮಬಿರುಗಾಳಿಯ ಬೆನ್ನುಹತ್ತಿ ಹೊರಟವು. ಒಂದು ಮೋಡಗಳ ಮೇಲಿಂದ ರಾಡಾರಿನಲ್ಲಿ ನೋಡುತ್ತಿತ್ತು, ಇನ್ನೊಂದು ಮೋಡದ ಒಳಕ್ಕೇ ನುಗ್ಗಿತು. ನೋರೀನ್ ಒಳಗಿನದರಲ್ಲಿದ್ದಳು. ರೆಕ್ಕೆಯಡಿ ತೂಗುವ ಕ್ಯಾಮೆರಾ ಅವಳ ಹೊಣೆ. ಹಾದುಹೋಗುವ ಹಿಮದ ಹರಳುಗಳ ಚಿತ್ರವನ್ನು ಅದು ಹಿಡಿಯಬೇಕು. ಹಿಮ ಒಂದೂರನ್ನು ಹೂತುಹಾಕಿ ಪಕ್ಕದೂರನ್ನು ಬಿಟ್ಟುಬಿಡುವುದೇಕೆ ಎಂಬುದು ಆ ಹರಳುಗಳ ಆಕಾರದಿಂದಲೇ ತಿಳಿಯಬೇಕಿತ್ತು. ಇದೇ ಕೊನೆಯ ಹಾರಾಟ. ಬರಿಗೈಯಲ್ಲಿ ಬಂದರೆ ಯೋಜನೆ ಮುಚ್ಚುತ್ತಾರೆಂದು ಮುಖ್ಯಸ್ಥ ಡ್ವೈಟ್ ಬೆಳಗ್ಗೆಯೇ ಹೇಳಿದ್ದ.

ನೆಲದ ಮೇಲಿರುವಾಗ ಕ್ಯಾಮೆರಾದ ಹೀಟರ್ ಹಾಕಿರಬಾರದು, ಮುಟ್ಟಿದವರ ಕೈ ಸುಡುತ್ತದೆ. ಹೊರಡುವ ಮುಂಚೆ ಮೆಕ್ಯಾನಿಕ್ ಲೆರಾಯ್ ಅದರ ಗಾಜು ಒರೆಸಲು ಹೋದಾಗ ಅವಳು ಹೀಟರ್ ಆರಿಸಿದ್ದಳು, ಆರಿದೆಯೇ ಎಂದು ಮತ್ತೆ ಮತ್ತೆ ನೋಡಿದ್ದಳು.

"ನಮ್ಮಮ್ಮನೂ ನಿನ್ನಷ್ಟು ಹೆದರಲ್ಲ ಕಣಮ್ಮಾ," ಎಂದು ಅವನು ನಕ್ಕಿದ್ದ.

ಮೇಲೇರಿದ ಕೂಡಲೇ ಅದನ್ನು ಮತ್ತೆ ಹಾಕಬೇಕಿತ್ತು, ಇಲ್ಲದಿದ್ದರೆ ಮೋಡದೊಳಗೆ ಗಾಜಿಗೆ ಮಂಜು ಕಟ್ಟುತ್ತದೆ.

ಮೋಡದೊಳಗೆ ಮೊದಲು ಪರದೆಯ ಮೇಲೆ ನಕ್ಷತ್ರದಾಕಾರದ ನಾಲ್ಕಾರು ಹರಳುಗಳು ಮೂಡಿದವು. ಆಮೇಲೆ ಬರೀ ಕಪ್ಪು ಮಸಿ. ಹರಳುಗಳೇ ಒಂದಕ್ಕೊಂದು ಅಂಟಿಕೊಂಡಿವೆಯೇನೋ ಎಂದುಕೊಂಡಳು. ಹಾಗೆಂದುಕೊಂಡೇ ಬಹಳ ಹೊತ್ತು ಕಳೆದುಬಿಟ್ಟಳು. ಆಮೇಲೆ ಕಣ್ಣು ಹೀಟರಿನ ಸ್ವಿಚ್ಚಿನ ಮೇಲೆ ಬಿತ್ತು, ಅದು ಆರಿಯೇ ಇತ್ತು. ಒತ್ತಿದಳು. ಗಾಜಿಗೆ ಕಟ್ಟಿದ್ದ ಮಂಜು ಕರಗಿತು, ಆದರೆ ನೀರು ಗಾಜಿನ ಹಿಂದಕ್ಕೆ ಇಳಿದು ಎಲ್ಲವೂ ಮಬ್ಬಾಯಿತು.

ಆಗಲೇ ಮೇಲಿನ ವಿಮಾನದಿಂದ ಡ್ವೈಟನ ದನಿ ಬಂತು. "ನೋರೀನ್, ಹಿಮದ ಪಟ್ಟಿಯ ನಟ್ಟನಡುವೆ ಇದೀಯ ಕಣೇ. ಇಂಥದನ್ನ ನಾನು ಜನ್ಮದಲ್ಲಿ ನೋಡಿಲ್ಲ. ಹರಳು ಹೇಗಿದೆ?"

ಮಂಜು ಹೆಚ್ಚಾಗಿ ಕ್ಯಾಮೆರಾ ಕೆಟ್ಟಿತು ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಆ ಮಾತು ನಾಲಿಗೆಯ ತನಕ ಬಂದಿತ್ತು.

"ಏನೂ ಕಾಣ್ತಿಲ್ಲ, ಡ್ವೈಟ್. ಹೀಟರ್ ಹಾಕೋದೇ ಮರೆತೆ."

"ಯಾವಾಗಿಂದ?"

"ಮೊದಲಿಂದ."

ಅವನು ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಇನ್ನೊಂದು ಸುತ್ತು ಆಗುತ್ತದೆಯೇ ಎಂದು ಅವಳ ವಿಮಾನದ ಪೈಲಟನನ್ನು ಕೇಳಿದ. ಇಂಧನ ನೆಲೆ ಸೇರುವಷ್ಟೇ ಇದೆ ಎಂದು ಪೈಲಟ್ ಹೇಳಿದ.

ಹಿಮದ ಈ ಪಟ್ಟಿಯ ಕೊನೆಯ ತನಕವಾದರೂ ಹಾರಿ ಮುಗಿಸಿಬಿಡೋಣ ಎಂದು ಡ್ವೈಟ್ ಅಂದ. ಹಾಗಾಗಿ ಅವಳು ಪರದೆಯ ಮುಂದೆ ಕೂತೇ ಇರಬೇಕಾಯಿತು. ಕಿಟಕಿಯಾಚೆ ಹಿಮ ಬಿಳಿಯ ಗೆರೆಗಳಾಗಿ ಓಡುತ್ತಿತ್ತು, ಎಷ್ಟು ಬೇಕೋ ಅಷ್ಟು. ಹಿಂದಿನ ಸೀಟಿನಲ್ಲಿ ಯಾರೋ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು, ಅವಳ ಕಡೆಗೆ ಚಾಚಲಿಲ್ಲ. ಆಮೇಲೆ ಮೋಡ ಮುಗಿಯಿತು, ಬಿಸಿಲು ನೇರ ಮುಖಕ್ಕೆ ಬಡಿಯಿತು, ವಿಮಾನ ನೆಲೆಯ ಕಡೆ ವಾಲಿತು.