ಹಿಮದ ಸಲಿಕೆ ಮತ್ತು ತುಳಿಯಬಾರದ ಉಪ್ಪು

ನಾನು ಹಿಮ ಎತ್ತುವ ಸಲಿಕೆ. ಮಣ್ಣು ಮುಟ್ಟಿದವನಲ್ಲ, ಗಾರೆ ಕಲಸಿದವನಲ್ಲ. ಕೆನಡಾದ ಒಂದು ಕಾರ್ಖಾನೆಯಲ್ಲಿ ನೀಲಿ ಪ್ಲಾಸ್ಟಿಕ್ ಕಾಯಿಸಿ, ಅಚ್ಚಿಗೆ ಒತ್ತಿ, ಮರದ ಹಿಡಿಕೆ ಹಾಕಿ ನನ್ನನ್ನು ಹೊರಗೆ ಬಿಟ್ಟರು. ಸಡ್ಬರಿ ಎಂಬ ಊರಿನ ಅಂಗಡಿಯಲ್ಲಿ ನನ್ನನ್ನು ಕೊಂಡವನು ಗಣಿಯಲ್ಲಿ ದುಡಿದು ನಿವೃತ್ತನಾದ ಮುದುಕ. ಹನ್ನೊಂದು ಚಳಿಗಾಲ ಅವನ ಬೈಗುಳ ಕೇಳಿದೆ. ಬೈಯುತ್ತಿದ್ದದ್ದು ಹಿಮಕ್ಕೆ, ಕೈಯಲ್ಲಿರುತ್ತಿದ್ದವನು ಮಾತ್ರ ನಾನು. ಸೊಂಟ ಕೈಕೊಟ್ಟ ಮೇಲೆ ಅವನು ಮನೆ ಮಾರಿ ಹೋದ. ನಾನು ಗ್ಯಾರೇಜಿನ ಮೊಳೆಗೆ ನೇತಾಡುತ್ತ ಉಳಿದೆ.

ಮನೆ ಕೊಂಡವರು ಗದಗದ ಕಡೆಯ ಶರಣಪ್ಪ, ಅವನ ಹೆಂಡತಿ ದಾನೇಶ್ವರಿ. ಶರಣಪ್ಪನಿಗೆ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಕೆಲಸ. ಹಿಮ ಬಿದ್ದ ದಿನ ಅವನು ಮನೆಯಲ್ಲಿರುವುದೇ ಇಲ್ಲ. ಊರಿನ ರಸ್ತೆಯೆಲ್ಲ ಅವನ ಪಾಲು, ಸ್ವಂತ ಮನೆಯ ಏಳು ಮೆಟ್ಟಿಲು ಹೆಂಡತಿಯ ಪಾಲು. ಅವಳು ಗೊಣಗದೆ ಎತ್ತುತ್ತಿದ್ದಳು. ಎತ್ತಿಯಾದ ಮೇಲೆ ಮೆಟ್ಟಿಲ ತುಂಬ ಉಪ್ಪು ಚೆಲ್ಲುತ್ತಿದ್ದಳು. ಉಪ್ಪಿದ್ದರೆ ಮಂಜುಗಡ್ಡೆ ಕಟ್ಟುವುದಿಲ್ಲ, ಕಾಲು ಜಾರುವುದಿಲ್ಲ. ಇಲ್ಲಿ ಎಲ್ಲರ ಮನೆಯಲ್ಲೂ ಅದೇ ರೂಢಿ.

ಮೂರನೆಯ ಚಳಿಗಾಲಕ್ಕೆ ಅವಳು ತುಂಬು ಗರ್ಭಿಣಿ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ನೀರು ಹೋದರೆ ನಡೆಯಬೇಡ, ಕೂಡಲೇ ಆಂಬುಲೆನ್ಸ್ ಕರೆ, ತಡವಾದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆಂದು ಅವಳ ತಾಯಿ ಬಸಲಿಂಗವ್ವ ಬಂದಳು. ನನ್ನನ್ನು ನೋಡಿದವಳೇ, “ಇದ್ಯಾವ ಸಲಿಕಿ? ಮೊರಕ್ಕ ಕೋಲ್ ಸಿಗಿಸಿದಂಗ ಐತಿ!” ಎಂದು ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಅವಳದು ಹೊಲದಲ್ಲಿ ಪಳಗಿದ ಕೈ, ಎರಡೇ ದಿನದಲ್ಲಿ ಒಗ್ಗಿಹೋದೆ.

ತೊಂದರೆ ಶುರುವಾದದ್ದು ಉಪ್ಪಿನಿಂದ.

“ಉಪ್ಪು ಲಕ್ಷ್ಮಿ ಅಲ್ಲೇನ? ಬಸರಿ ಹೆಂಗಸು ಕಾಲಾಗ ತುಳಿತಾಳೇನು?”

“ಅವ್ವಾ, ಇದು ತಿನ್ನೋ ಉಪ್ಪಲ್ಲ.”

“ಯಾವ್ದಾದ್ರೇನು, ಉಪ್ಪು ಉಪ್ಪೇ.”

ಮಾರನೆಯ ದಿನ ಮಗಳು ಮಲಗಿದ್ದಾಗ ಬಸಲಿಂಗವ್ವ ಗ್ಯಾರೇಜಿನಲ್ಲಿದ್ದ ಉಪ್ಪಿನ ಚೀಲ ಎಳೆದೊಯ್ದು ಹಿತ್ತಲ ಹಿಮದಲ್ಲಿ ಸುರಿದುಬಿಟ್ಟಳು. ನಾನು ಕಣ್ಣಾರೆ ಕಂಡೆ. ಬಾಯಿಲ್ಲದವನು ಏನು ಮಾಡಲಿ?

ಅದೇ ರಾತ್ರಿ ಮೊಣಕಾಲುದ್ದ ಹಿಮ ಬಿತ್ತು. ಶರಣಪ್ಪ ಲಾರಿ ಹತ್ತಿ ಹೋದ. ಬೆಳಿಗ್ಗೆ ಬಸಲಿಂಗವ್ವ ನನ್ನನ್ನು ಹಿಡಿದು ಏಳೂ ಮೆಟ್ಟಿಲು ಚೊಕ್ಕ ಮಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಆದರೆ ಬಾಗಿಲಿಗೆ ನೀರು ಹಾಕದೆ ಅವಳಿಗೆ ಬೆಳಗಾಗುವುದಿಲ್ಲ. ಅಷ್ಟು ದಿನ ಮಗಳು ತಡೆದಿದ್ದಳು, ಅಂದು ಮಗಳು ಇನ್ನೂ ಎದ್ದಿರಲಿಲ್ಲ. ಒಂದು ಬಕೆಟ್ ನೀರನ್ನು ಹೊಸ್ತಿಲಿನಿಂದ ಕೆಳಗಿನ ಮೆಟ್ಟಿಲವರೆಗೆ ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆದು, ಸಮಾಧಾನದಿಂದ ಒಳಗೆ ಹೋದಳು. ಗಳಿಗೆಯೊಳಗೆ ಆ ನೀರು ಗಾಜಾಯಿತು.

ಎಂಟು ಗಂಟೆಗೆ ಒಳಗಿನಿಂದ ಕೂಗು ಕೇಳಿತು. “ಅವ್ವಾ, ನೀರು ಹೋತು!”

ಆಂಬುಲೆನ್ಸ್ ಬೇಗನೇ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು ಇಳಿದು ಹೊತ್ತೊಯ್ಯುವ ಕುರ್ಚಿಯೊಂದಿಗೆ ಮೆಟ್ಟಿಲು ಹತ್ತತೊಡಗಿದರು. ಮೂರನೆಯದರಲ್ಲೇ ಗಂಡಸು ಜಾರಿ ಬಿದ್ದ. ಎದ್ದು ನಿಂತು, ಈ ಗಡ್ಡೆಯ ಮೇಲೆ ಬಸುರಿಯನ್ನು ಹೊತ್ತು ಇಳಿಯಲಾಗದು ಎಂದು ಕೈ ಅಲ್ಲಾಡಿಸಿದ. ಹಿಂಬಾಗಿಲಿಗೆ ಗಾಳಿ ತಂದು ಒಟ್ಟಿದ ಎದೆಮಟ್ಟ ಹಿಮ. ಹೆಂಗಸು ಕಂಬಿ ಹಿಡಿದು ಹೇಗೋ ಮೇಲೆ ಬಂದು “ಸಾಲ್ಟ್! ಸಾಲ್ಟ್!” ಎಂದಳು.

“ಗ್ಯಾರೇಜಿನ್ಯಾಗ ಚೀಲ ಐತಿ, ಅವ್ವಾ!” ಎಂದು ದಾನೇಶ್ವರಿ ಒಳಗಿನಿಂದ ನರಳಿದಳು.

ಬಸಲಿಂಗವ್ವನಿಗೆ ತಾನೇನು ಮಾಡಿದೆನೆಂದು ಆಗ ತಿಳಿಯಿತು. ನನ್ನನ್ನು ಎತ್ತಿ ಗಡ್ಡೆಗೆ ಹೊಡೆದಳು. ಒಂದು ಏಟು, ಎರಡು, ಮೂರು. ಗಡ್ಡೆ ಅಲುಗಲಿಲ್ಲ, ನನ್ನ ಅಂಚೇ ಒಡೆಯಿತು. ನಾನು ಹಿಮಕ್ಕೆ ಹುಟ್ಟಿದವನು, ಗಡ್ಡೆ ನನ್ನ ಕೈಲಾಗದು. ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ನನ್ನನ್ನು ಬಿಸಾಡಿ ಅವಳು ಅಡುಗೆಮನೆಗೆ ಓಡಿದಳು. ಉಪ್ಪಿನಕಾಯಿಗೆಂದು ಗದಗದಿಂದ ತಂದಿದ್ದ ಹರಳುಪ್ಪಿನ ಡಬ್ಬಿ ಹಿಡಿದು ಬಂದು, ಹಿಡಿ ಹಿಡಿಯಾಗಿ ಮೆಟ್ಟಿಲಿಗೆ ಎರಚಿದಳು. ಗಡ್ಡೆ ಚಿಟಿಚಿಟಿ ಎಂದು ಬಿರಿಯತೊಡಗಿತು. ಕಾಲು ನಿಲ್ಲುತ್ತದೋ ಇಲ್ಲವೋ, ಯಾರಾದರೂ ಮೊದಲು ಇಳಿದು ನೋಡಬೇಕಿತ್ತು. ಅವಳೇ ಬರಿಗಾಲಲ್ಲಿ ಉಪ್ಪಿನ ಮೇಲೆ ಕಾಲಿಟ್ಟಳು. ಏಳೂ ಮೆಟ್ಟಿಲು ತುಳಿದು ಕೆಳಗೆ ಬಂದು, ಆ ಪರದೇಶದವರಿಗೆ ಕನ್ನಡದಲ್ಲೇ ಕೂಗಿ ಹೇಳಿದಳು.

“ತುಳೀರಿ! ತುಳಕೊಂಡು ಬರ್ರಿ! ಪಾಪ ನನಗಿರಲಿ!”

ಅವರಿಗೆ ಮಾತು ತಿಳಿಯಲಿಲ್ಲ, ಕೈಸನ್ನೆ ತಿಳಿಯಿತು. ಮೇಲೆ ಹೋಗಿ ದಾನೇಶ್ವರಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತು ಒಂದೊಂದೇ ಮೆಟ್ಟಿಲು ಇಳಿದರು. ಆಂಬುಲೆನ್ಸಿನ ಬಾಗಿಲು ಮುಚ್ಚುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಈಗ ನಾನು ಗ್ಯಾರೇಜಿನ ಮೂಲೆಯಲ್ಲಿದ್ದೇನೆ. ಹೊಸ ಸಲಿಕೆ ಬಂದಿದೆ, ಅಂಚು ಒಡೆದವನಿಗೆ ಕೆಲಸವಿಲ್ಲ. ಹಿಮ ಬಿದ್ದ ದಿನ ಮನಸ್ಸು ಚಡಪಡಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ಇಷ್ಟೆಲ್ಲ ಚಳಿಗಾಲಗಳಲ್ಲಿ ನನಗೆ ನಿಚ್ಚಳವಾಗಿ ನೆನಪಿರುವುದು ಆ ದಿನದ ಮಧ್ಯಾಹ್ನ ಒಂದೇ. ಶರಣಪ್ಪ ನೇರವಾಗಿ ಆಸ್ಪತ್ರೆಗೆ ಹೋಗಿದ್ದ. ಒಬ್ಬಳೇ ಉಳಿದ ಬಸಲಿಂಗವ್ವ, ಕುಳಿತಲ್ಲಿ ಕೂರಲಾರದೆ, ಒಡೆದ ನನ್ನಿಂದಲೇ ಅಂಗಳವನ್ನು ಬಳಿದಳು, ಬಳಿದದ್ದನ್ನೇ ಮತ್ತೆ ಬಳಿದಳು. ಕೊನೆಗೂ ಸೊಂಟಕ್ಕೆ ಸಿಗಿಸಿದ್ದ ಫೋನು ಬಡಿದುಕೊಂಡಿತು.

“ಹೆಣ್ಣು ಹುಟ್ಟೇತಿ, ಅತ್ತಿ. ಇಬ್ರೂ ಆರಾಮ ಅದಾರ,” ಎಂದ ಶರಣಪ್ಪ.

ಅವಳು ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ತಾನು ತುಳಿದಿದ್ದ, ಇನ್ನೂ ಪೂರ್ತಿ ಕರಗದ ಉಪ್ಪನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.